ಏಳು ಮಂದಿಯ ಕಾಲ್ಚೆಂಡು

ಕಾಲ್ಚೆಂಡಿನ ಪಂದ್ಯದ ವೀಕ್ಷಕ ವಿವರಣೆಯನ್ನು ರೇಡಿಯೋದಲ್ಲಿ ಕೇಳುವವರಿಗೆಲ್ಲ ಒಂದು ಅನುಭವ ಉಂಟು. ಚೆಂಡು ಎಲ್ಲಿದೆಯೆಂದು ವಿವರಣಕಾರ ಹೇಳುತ್ತಾನೆ. ಅದನ್ನು ಒದೆಯುವ ಕಾಲನ್ನು ಮಾತ್ರ ನಾವೇ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಹಾಗೆ ಚಿತ್ರಿಸಿಕೊಳ್ಳುವಾಗ ಕಟ್ಟುಮಸ್ತಾದ, ನೆಟ್ಟಗಿರುವ, ಹೇಳಿದಂತೆ ಕೇಳುವ ಕಾಲೇ ನಮ್ಮ ಕಣ್ಣಿಗೆ ಬರುವುದು. ಹಿಮ್ಮಡಿ ನೆಲಕ್ಕೆ ತಾಗದ ಕಾಲು, ಓಡುವಾಗ ಒಳಕ್ಕೆ ತಿರುಗುವ ಮಂಡಿ, ಎದೆಗೆ ಮಡಿಸಿಕೊಂಡೇ ಇರುವ ಕೈ ಇವು ನಮ್ಮ ಕಲ್ಪನೆಯ ಮೈದಾನಕ್ಕೆ ಇಳಿಯುವುದೇ ಇಲ್ಲ. ಆದರೆ ಅಂಥ ಕಾಲುಗಳಿಂದಲೇ ಆಡುವ, ರಾಷ್ಟ್ರಕ್ಕೆ ರಾಷ್ಟ್ರ ಎದುರುನಿಂತು ಆಡುವ ಕಾಲ್ಚೆಂಡಾಟವೊಂದು 1978ರಿಂದ ಲೋಕದಲ್ಲಿ ನಡೆದುಬಂದಿದೆ. ಅದರ ಪರಿಚಯವನ್ನು ವಾಚಕರಿಗೆ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಆ ಆಟದ ಸಂಗತಿ ನನಗೆ ತಿಳಿದದ್ದು ತಡವಾಗಿ. ಮೊದಲೇ ತಿಳಿದಿದ್ದರೆ ಒಬ್ಬ ಹುಡುಗನಿಗೆ ನಾನು ಕೊಟ್ಟ ಉತ್ತರ ಬೇರೆಯಾಗಿರುತ್ತಿತ್ತು. ನಾನು ಅಧ್ಯಾಪಕ ವೃತ್ತಿಗೆ ಸೇರಿದ ಹೊಸತು. ಕನ್ನಡ ಪಂಡಿತನಾದರೂ ವಾರಕ್ಕೆರಡು ಸಂಜೆ ಮಕ್ಕಳನ್ನು ಆಡಿಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬಲಗಾಲಿನ ಬೆರಳ ತುದಿಯ ಮೇಲೆ ನಡೆಯುತ್ತಿದ್ದ. ಬಲಗೈ ಮೊಣಕೈಯಲ್ಲಿ ಮಡಿಸಿಕೊಂಡು ಎದೆಗೆ ಅಂಟಿಕೊಂಡಿರುತ್ತಿತ್ತು. ಮಾತು ತುಸು ತೊದಲು. ಓದಿನಲ್ಲಿ ಮಾತ್ರ ಬಲು ಚುರುಕು; ಪದ್ಯಕ್ಕೆ ಪ್ರಸ್ತಾರ ಹಾಕಿ ಗಣ ವಿಂಗಡಿಸುವುದರಲ್ಲಿ ತರಗತಿಗೇ ಮೊದಲು. ಆಟದ ಹೊತ್ತಿನಲ್ಲಿ ಅವನ ಕೈಗೆ ಒಂದು ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ಕೊಟ್ಟು, ಯಾರು ಎಷ್ಟು ಗೋಲು ಹೊಡೆದರೆಂದು ಬರೆಯಲು ಬೇವಿನ ಮರದ ಕೆಳಗೆ ಕೂರಿಸುತ್ತಿದ್ದೆ. ಅದನ್ನು ನಾನು ದೊಡ್ಡ ಉಪಕಾರವೆಂದೇ ಭಾವಿಸಿದ್ದೆ. ಒಂದು ಸಂಜೆ ಅವನು ಬಂದು, “ಮೇಷ್ಟ್ರೇ, ಇವತ್ತೊಂದು ದಿನ ನಾನೂ ಆಡ್ಲಾ?” ಎಂದು ಕೇಳಿದ.

“ಬೇಡ ಕಣಪ್ಪ, ಎಲ್ಲಾದರೂ ಬಿದ್ದುಬಿಟ್ಟೀಯೆ” ಎಂದೆ.

“ಬೀಳೋದು ನಂಗೆ ಅಭ್ಯಾಸ ಆಗಿದೆ ಮೇಷ್ಟ್ರೇ” ಎಂದು ನಕ್ಕು, ಮರದ ಕೆಳಗೆ ಹೋಗಿ ಮತ್ತೆ ನೋಟ್‌ಬುಕ್ಕು ತೆರೆದ. ಆಮೇಲೆ ಎಂದೂ ಕೇಳಲಿಲ್ಲ.

ದೋಷವಿರುವುದು ಎಲ್ಲಿ?

ಆ ಹುಡುಗನಿಗೆ ಇದ್ದುದನ್ನು ವೈದ್ಯರು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಸೆರೆಬ್ರಮ್ ಎಂದರೆ ಲ್ಯಾಟಿನ್ನಿನಲ್ಲಿ ಮಿದುಳು. ಪಾಲ್ಸಿ ಎಂಬುದು ಪ್ಯಾರಲಿಸಿಸ್ ಎಂಬ ಗ್ರೀಕ್ ಮೂಲದ ಮಾತು ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿಗೆ ಬಂದ ರೂಪ. ನಮ್ಮ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ತದ್ಭವ. ಕನ್ನಡದಲ್ಲಿ ಇದನ್ನು ಮಿದುಳಿನ ಪಾರ್ಶ್ವವಾಯು ಎಂದು ಬರೆಯುವ ರೂಢಿಯಿದೆ. ಆದರೆ ಪಾರ್ಶ್ವವಾಯು, ಲಕ್ವ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮುಪ್ಪಿನಲ್ಲಿ ಹಠಾತ್ತನೆ ಬಡಿದು ಒಂದು ಪಕ್ಕವನ್ನೇ ನಿಶ್ಚೇಷ್ಟಗೊಳಿಸುವ ವ್ಯಾಧಿ. ಇದು ಅದಲ್ಲ. ಇದು ಗರ್ಭದಲ್ಲಿಯೋ ಹೆರಿಗೆಯ ಹೊತ್ತಿನಲ್ಲಿಯೋ ಎಳೆಯ ಶೈಶವದಲ್ಲಿಯೋ ಬೆಳೆಯುತ್ತಿರುವ ಮಿದುಳಿಗೆ ಆದ ಘಾಸಿಯ ಫಲ.

ರೇಡಿಯೋ ಇರುವ ಮನೆಯವರಿಗೆ ಇದನ್ನು ಒಂದು ಉಪಮೆಯಿಂದ ತಿಳಿಸಬಹುದು. ನಿಮ್ಮ ಸೆಟ್ಟು ಚೆನ್ನಾಗಿಯೇ ಇದೆ. ಅದರ ಒಂದು ತಂತಿಯೂ ಕಡಿದಿಲ್ಲ. ಆದರೂ ಹಾಡಿನ ನಡುವೆ ಗರಗರ ಸದ್ದು. ಒಮ್ಮೆ ಧ್ವನಿ ಕಿವಿಗಡಚಿಕ್ಕುತ್ತದೆ, ಒಮ್ಮೆ ಅಡಗಿಹೋಗುತ್ತದೆ. ಹಾಗಾದಾಗ ದೋಷ ಸೆಟ್ಟಿನದಲ್ಲ, ಪ್ರಸಾರದ್ದು ಎಂದು ನೀವು ತಿಳಿಯುತ್ತೀರಿ. ಇಲ್ಲಿಯೂ ಅಷ್ಟೆ. ಕಾಲಿನ ಎಲುಬು, ಕೀಲು, ಸ್ನಾಯುಗಳು ಹುಟ್ಟುವಾಗ ಸರಿಯಾಗಿಯೇ ಇರುತ್ತವೆ. ಮಿದುಳಿನಿಂದ ಹೊರಡುವ ಆಜ್ಞೆ ಕಲಕಿ ಬರುತ್ತದೆ.

ನಾವು ಒಂದು ಹೆಜ್ಜೆ ಇಡಬೇಕಾದರೆ ಎಷ್ಟು ಕೆಲಸ ನಡೆಯುತ್ತದೆಂಬುದನ್ನು ನೋಡಿರಿ. ತೊಡೆಯ ಮುಂಭಾಗದ ಸ್ನಾಯು ಬಿಗಿಯುವಾಗ ಹಿಂಭಾಗದ್ದು ಸಡಿಲಬೇಕು. ಬಿಗಿ ಎಂಬ ಆಜ್ಞೆಯ ಜೊತೆಗೇ, ಅತಿಯಾಗಿ ಬಿಗಿಯದಿರು ಎಂಬ ತಡೆಯನ್ನೂ ಮಿದುಳು ಕಳುಹಿಸುತ್ತಿರುತ್ತದೆ. ಈ ತಡೆ ಕುಂದಿದರೆ ಎದುರುಬದುರಿನ ಸ್ನಾಯುಗಳೆರಡೂ ಒಟ್ಟಿಗೆ ಬಿಗಿಯುತ್ತವೆ. ನಿಧಾನವಾಗಿ ಎಳೆದರೆ ಒಂದಿಷ್ಟು ಬಗ್ಗುವ ಸ್ನಾಯು ರಭಸದಿಂದ ಎಳೆದರೆ ಹಟಹಿಡಿದು ನಿಲ್ಲುತ್ತದೆ. ಸೆರೆಬ್ರಲ್ ಪಾಲ್ಸಿಯಲ್ಲಿ ಬಹುಪಾಲು ಇಂಥ ಬಿಗಿತದ್ದೇ. ಕೆಲವರಲ್ಲಿ ಎರಡು ಕಾಲುಗಳೂ, ಕೆಲವರಲ್ಲಿ ದೇಹದ ಒಂದು ಪಕ್ಕದ ಕೈಕಾಲೂ ಬಿಗಿದಿರುತ್ತವೆ. ಘಾಸಿ ಕಿರುಮಿದುಳಿಗೆ ಆಗಿದ್ದರೆ ಬಿಗಿತಕ್ಕಿಂತ ತೂಕ ತಪ್ಪುವುದು ಹೆಚ್ಚು, ನಡಿಗೆ ತೂರಾಡುತ್ತದೆ. ಮಿದುಳಿನ ಒಳತಳದ ಗಂಟುಗಳಿಗೆ ಆಗಿದ್ದರೆ ಬೇಡವೆಂದರೂ ಕೈಕಾಲುಗಳು ತಾವಾಗಿಯೇ ಹೊಸೆದುಕೊಳ್ಳುತ್ತವೆ.

ಮೂರು ಸಂಗತಿಗಳನ್ನು ಮುಖ್ಯವಾಗಿ ನೆನಪಿಡಬೇಕು. ಇದು ಅಂಟುರೋಗವಲ್ಲ. ಮಿದುಳಿಗೆ ಆದ ಘಾಸಿ ವರ್ಷ ಕಳೆದಂತೆ ಬೆಳೆಯುವುದೂ ಇಲ್ಲ. ಸ್ನಾಯು ಮೊಟಕಾಗುವುದು, ಕೀಲು ಸವೆಯುವುದು ಮುಂತಾದ ಅದರ ಪರಿಣಾಮಗಳು ಮಾತ್ರ ಬದಲಾಗಬಹುದು. ಮಾತು ತೊದಲಿದ ಮಾತ್ರಕ್ಕೆ ಬುದ್ಧಿ ತೊದಲಿತೆಂದು ತಿಳಿಯುವುದು ದೊಡ್ಡ ತಪ್ಪು. ಇವರಲ್ಲಿ ಅನೇಕರ ಬುದ್ಧಿ ನಮ್ಮ ನಿಮ್ಮದರಂತೆಯೇ ಇರುತ್ತದೆ. ಲೋಕದಲ್ಲಿ ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು 2ಕ್ಕೆ ಈ ಸ್ಥಿತಿ ಇರುತ್ತದೆಂದು ಅಂದಾಜು.

ಅಷ್ಟಾವಕ್ರನ ಕಥೆ ನಮ್ಮಲ್ಲಿ ಯಾರಿಗೆ ತಿಳಿಯದು? ಗರ್ಭದಲ್ಲಿದ್ದಾಗಲೇ ತಂದೆ ಕಹೋಳನ ಶಾಪಕ್ಕೆ ಗುರಿಯಾಗಿ ಎಂಟು ಕಡೆ ಡೊಂಕಾಗಿ ಹುಟ್ಟಿದವನು. ಹುಟ್ಟುವ ಮೊದಲೇ ದೇಹಕ್ಕೆ ಪೆಟ್ಟು ಬೀಳಬಹುದೆಂಬ ಅರಿವು ಆ ಕಥೆಯಲ್ಲಿದೆ. ಕಾರಣವನ್ನು ಮಾತ್ರ ಶಾಪವೆಂದು ಹೇಳಿದೆ. ಈ ಸ್ಥಿತಿಯ ಕಾರಣವನ್ನು ವೈದ್ಯಶಾಸ್ತ್ರದ ಹಾದಿಯಲ್ಲಿ ಮೊದಲು ಹುಡುಕಿದವರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ ಪ್ರಮುಖ. ಅವನ ಕಾಲೇ ಬಾಲ್ಯದ ಕಾಯಿಲೆಯಿಂದ ತಿರುಚಿಕೊಂಡಿತ್ತು. ಜರ್ಮನಿಯ ಶಸ್ತ್ರವೈದ್ಯನೊಬ್ಬ ಅದನ್ನು ಸರಿಪಡಿಸಿದ. ಲಿಟಲ್ 1861ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಮಕ್ಕಳ ಕೈಕಾಲಿನ ಬಿಗಿತಕ್ಕೂ ಕಷ್ಟದ ಹೆರಿಗೆಗೂ ಸಂಬಂಧ ಕಲ್ಪಿಸಿದ. 1897ರಲ್ಲಿ ಸಿಗ್ಮಂಡ್ ಫ್ರಾಯ್ಡ್—ಮುಂದೆ ಮನಶ್ಶಾಸ್ತ್ರದಿಂದ ಪ್ರಸಿದ್ಧನಾದ ಅದೇ ಫ್ರಾಯ್ಡ್—ಹೆರಿಗೆಯ ಕಷ್ಟವೇ ಎಷ್ಟೋ ವೇಳೆ ಗರ್ಭದಲ್ಲಿ ಆಗಲೇ ಆಗಿದ್ದ ತೊಂದರೆಯ ಲಕ್ಷಣವಿರಬಹುದೆಂದು ವಾದಿಸಿದ. ಬಹುಪಾಲು ಮಕ್ಕಳಲ್ಲಿ ಘಾಸಿ ಹೆರಿಗೆಗೆ ಮುಂಚೆಯೇ ಆಗಿರುತ್ತದೆಂಬುದು ಈಗಿನ ವೈದ್ಯರ ಅಭಿಪ್ರಾಯವೂ ಹೌದು. ದಿನ ತುಂಬದೆ ಹುಟ್ಟುವುದು, ತೀರ ಕಡಮೆ ತೂಕ, ಬಸುರಿಗೆ ತಗಲಿದ ಸೋಂಕು, ಉಸಿರುಕಟ್ಟಿದ ಹೆರಿಗೆ, ಶಿಶುವಿನ ತೀವ್ರವಾದ ಕಾಮಾಲೆ, ಮಿದುಳುಜ್ವರ ಹೀಗೆ ಕಾರಣಗಳು ಹಲವು. ಹೆತ್ತ ತಾಯಿಯ ಪಾಪವೆಂಬುದು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಆಟದ ಕಟ್ಟಳೆ

ಇನ್ನು ಆಟಕ್ಕೆ ಬರೋಣ. 1978ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸೆರೆಬ್ರಲ್ ಪಾಲ್ಸಿ ಉಳ್ಳವರ ಅಂತರರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಈ ಕಾಲ್ಚೆಂಡು ರಾಷ್ಟ್ರಗಳ ಮಟ್ಟದಲ್ಲಿ ಮೊದಲು ಕಾಣಿಸಿಕೊಂಡದ್ದು ಅಲ್ಲಿ. 1984ರಲ್ಲಿ ಅದು ಪ್ಯಾರಾಲಿಂಪಿಕ್ಸ್ ಸೇರಿತು. ಸೆರೆಬ್ರಲ್ ಪಾಲ್ಸಿ ಇರುವವರಲ್ಲದೆ, ಅಪಘಾತದಿಂದ ತಲೆಗೆ ಪೆಟ್ಟು ಬಿದ್ದು ಅಥವಾ ಲಕ್ವ ಹೊಡೆದು ಅಂಥದೇ ಚಲನದೋಷ ಬಂದವರೂ ಆಡಬಹುದು. ಊರುಗೋಲಿನ ಸಹಾಯವಿಲ್ಲದೆ ಓಡಬಲ್ಲವರಾಗಿರಬೇಕು.

ಹನ್ನೊಂದು ಮಂದಿಯ ಬದಲು ತಂಡಕ್ಕೆ 7 ಮಂದಿ. ಮೈದಾನ ಚಿಕ್ಕದು, ಸಾಧಾರಣವಾಗಿ 70 ಮೀಟರ್ ಉದ್ದ, 50 ಮೀಟರ್ ಅಗಲ. ಗೋಲಿನ ಕಂಬಗಳ ನಡುವೆ 5 ಮೀಟರ್, ಎತ್ತರ 2 ಮೀಟರ್. ತಲಾ 30 ನಿಮಿಷದ ಎರಡು ಅವಧಿಗಳು. ಚೆಂಡು ಮಾತ್ರ ಎಲ್ಲರೂ ಆಡುವ ಅಳತೆಯದೇ. ಆಫ್‌ಸೈಡ್ ಎಂಬ ನಿಯಮ ಇಲ್ಲಿಲ್ಲ. ಗೆರೆ ದಾಟಿದ ಚೆಂಡನ್ನು ಎರಡೂ ಕೈಗಳಿಂದ ತಲೆಯ ಮೇಲಿಂದಲೇ ಎಸೆಯಬೇಕೆಂಬ ಕಡ್ಡಾಯವಿಲ್ಲ. ಒಂದೇ ಕೈಯಿಂದ ನೆಲದ ಮೇಲೆ ಉರುಳಿಸಬಹುದು. ಒಂದು ಕೈಯನ್ನು ಭುಜದ ಮೇಲಕ್ಕೆ ಎತ್ತಲಾರದವನೂ ಎಲ್ಲರಂತೆ ಚೆಂಡನ್ನು ಒಳಕ್ಕೆ ಕಳುಹಿಸಲೆಂದು ಈ ಏರ್ಪಾಡು. ಉಳಿದಂತೆ ಪೆನಾಲ್ಟಿ, ಹಳದಿ ಚೀಟಿ, ಕೆಂಪು ಚೀಟಿ, ಮಣ್ಣಿನಲ್ಲಿ ಜಾರಿ ಬಿದ್ದು ಎದ್ದು ಓಡುವುದು ಎಲ್ಲವೂ ಎಲ್ಲರ ಆಟದಂತೆಯೇ.

ಇದೆಲ್ಲ ಸಣ್ಣಪುಟ್ಟ ಹೊಂದಾಣಿಕೆ. ಈ ಆಟದ ತಿರುಳು ಇರುವುದು ಇನ್ನೊಂದು ನಿಯಮದಲ್ಲಿ. ಅದಕ್ಕೆ ಮೊದಲು ಆಟಗಾರರನ್ನು ವಿಂಗಡಿಸುವ ಕ್ರಮವನ್ನು ಹೇಳಬೇಕು. 2018ಕ್ಕೆ ಮುಂಚೆ ನಾಲ್ಕು ವರ್ಗಗಳಿದ್ದವು, ಈಗ ಮೂರು. ದೋಷ ಹೆಚ್ಚಾಗಿರುವವರು ಒಂದನೆಯ ವರ್ಗ, ಮಧ್ಯಮವಾಗಿರುವವರು ಎರಡನೆಯದು, ಅಲ್ಪವಾಗಿರುವವರು ಮೂರನೆಯದು. ವರ್ಗವನ್ನು ನಿರ್ಣಯಿಸಲು ವೈದ್ಯರೂ ಅಂಗಸಾಧನೆಯ ತಜ್ಞರೂ ಆಟವನ್ನು ಬಲ್ಲವರೂ ಕೂಡುತ್ತಾರೆ. ಮೊದಲು ಸ್ನಾಯುಗಳ ಬಿಗಿತವನ್ನು ಕೈಯಿಂದ ಪರೀಕ್ಷಿಸುತ್ತಾರೆ. ಅನಂತರ ಓಡಿಸಿ, ನೆಗೆಸಿ, ಒಂಟಿಕಾಲಲ್ಲಿ ನಿಲ್ಲಿಸಿ, ಚೆಂಡನ್ನು ಕಾಲಲ್ಲಿ ಸಾಗಿಸಲು ಹೇಳಿ ನೋಡುತ್ತಾರೆ. ಕೊನೆಗೆ ಪಂದ್ಯದಲ್ಲಿಯೇ ಗಮನಿಸುತ್ತಾರೆ.

ಈಗ ನಿಯಮವನ್ನು ಕೇಳಿರಿ. ಪಂದ್ಯ ನಡೆಯುವಷ್ಟು ಹೊತ್ತೂ ಪ್ರತಿ ತಂಡದಲ್ಲಿ ಒಂದನೆಯ ವರ್ಗದವನೊಬ್ಬ ಮೈದಾನದಲ್ಲಿ ಇರಲೇಬೇಕು. ಮೂರನೆಯ ವರ್ಗದವನು ಒಬ್ಬನಿಗಿಂತ ಹೆಚ್ಚು ಇರಕೂಡದು. ಒಂದನೆಯ ವರ್ಗದವನನ್ನು ಇಳಿಸಲಾರದ ತಂಡ ಅವನ ಜಾಗಕ್ಕೆ ಬಲಶಾಲಿಯನ್ನು ತರುವಂತಿಲ್ಲ. 6 ಮಂದಿಯಿಂದಲೇ ಆಡಬೇಕು.

ಇದರ ಫಲವೇನೆಂಬುದನ್ನು ಯೋಚಿಸಿ. ನಮ್ಮ ಶಾಲೆಯ ಮೈದಾನಗಳಲ್ಲಿ ತಂಡ ಹಂಚುವಾಗ ಇಬ್ಬರು ನಾಯಕರು ಎದುರುಬದುರು ನಿಂತು ಒಬ್ಬೊಬ್ಬರನ್ನೇ ಕರೆಯುತ್ತಾರೆ. ಬಲಿಷ್ಠರು ಮೊದಲು ಹೋಗುತ್ತಾರೆ. ಕೊನೆಗೆ ಒಬ್ಬನೇ ಉಳಿಯುತ್ತಾನೆ. ಅವನನ್ನು ಲೆಕ್ಕಕ್ಕಿಲ್ಲದ ಆಟಗಾರನೆಂದು ಯಾರಾದರೊಬ್ಬರು ಸೇರಿಸಿಕೊಳ್ಳುತ್ತಾರೆ, ಇಲ್ಲವೆ ನನ್ನಂಥವರು ನೋಟ್‌ಬುಕ್ಕು ಕೊಟ್ಟು ಕೂರಿಸುತ್ತಾರೆ. ಈ ಕಾಲ್ಚೆಂಡಿನಲ್ಲಿ ತಂಡ ಕಟ್ಟುವ ತರಬೇತುದಾರ ಮೊದಲು ಹುಡುಕಬೇಕಾದದ್ದು ಆ ಕೊನೆಯಲ್ಲಿ ಉಳಿದವನನ್ನು. ಒಳ್ಳೆಯ ಒಂದನೆಯ ವರ್ಗದ ಆಟಗಾರ ದೊರೆತ ತಂಡ ಭಾಗ್ಯಶಾಲಿ. ಅಂಥವನು ಒಬ್ಬನೇ ಇದ್ದು, ಅವನಿಗೆ ಗಾಯವಾದರೆ, ತಂಡಕ್ಕೆ ತಂಡವೇ ಕಂಗಾಲು.

ಒದೆಯುವ ಕಾಲು, ನಿಲ್ಲುವ ಕಾಲು

ನೋಡುವವರಿಗೆ ತೋರದ ಒಂದು ಕಷ್ಟವನ್ನು ಹೇಳುತ್ತೇನೆ. ಎಡಪಕ್ಕ ಬಿಗಿದಿರುವ ಆಟಗಾರ ಸಹಜವಾಗಿ ಬಲಗಾಲಿನಿಂದಲೇ ಒದೆಯುತ್ತಾನಲ್ಲ, ಅವನಿಗೇನು ತೊಂದರೆ ಎಂದು ನಾವು ಕೇಳಬಹುದು. ಆದರೆ ಬಲಗಾಲು ಚೆಂಡಿಗೆ ಬೀಸಿದಾಗ ಮೈಯ ಭಾರವನ್ನೆಲ್ಲ ಹೊತ್ತು ನಿಲ್ಲಬೇಕಾದದ್ದು ಎಡಗಾಲು. ಹಿಮ್ಮಡಿ ಊರದ, ಮಂಡಿ ನಡುಗುವ ಆ ಕಾಲೇ ಆ ಕ್ಷಣದಲ್ಲಿ ಕಂಬವಾಗಬೇಕು. ಬಲಗಾಲಿನ ಏಟಿನ ಬಲ ನಿರ್ಧಾರವಾಗುವುದು ಎಡಗಾಲಿನ ನಿಲುವಿನಿಂದ. ಆದುದರಿಂದ ಇಂಥವನು ಚೆಂಡಿನ ಬಳಿ ಬರುವ ಹೆಜ್ಜೆಗಳನ್ನು ಮೊದಲೇ ಎಣಿಸಿಕೊಂಡು, ಭಾರ ಬೀಳುವ ಹೊತ್ತನ್ನು ಆದಷ್ಟು ಕಡಮೆ ಮಾಡಿಕೊಂಡು ಒದೆಯುವುದನ್ನು ಕಲಿಯುತ್ತಾನೆ.

ಜೊತೆಗಾರರೂ ಕಲಿಯಬೇಕು. ಯಾರ ಯಾವ ಕಾಲಿಗೆ ಚೆಂಡು ಕೊಡಬೇಕು, ಯಾರು ಯಾವ ಕಡೆಗೆ ಬೇಗ ತಿರುಗಬಲ್ಲರು, ಯಾರಿಗೆ ಗಕ್ಕನೆ ನಿಲ್ಲುವುದು ಕಷ್ಟ ಎಂಬುದು ಏಳು ಮಂದಿಗೂ ಬಾಯಿಪಾಠವಾಗಿರಬೇಕು. ಎದುರಾಳಿಯೂ ಇದನ್ನೇ ಓದುತ್ತಿರುತ್ತಾನೆ. ಬಿಗಿದ ಪಕ್ಕಕ್ಕೇ ಅಟ್ಟಿಸಿಕೊಂಡು ಹೋಗುತ್ತಾನೆ. ಅದರಲ್ಲಿ ಅನ್ಯಾಯವೇನೂ ಇಲ್ಲ. ಕನಿಕರ ಬಿಟ್ಟು ಆಡುವುದೇ ಎದುರಾಳಿಗೆ ಕೊಡುವ ಮರ್ಯಾದೆ. ಇದರ ಮೇಲೆ ದಣಿವು ಬೇರೆ. ಎದುರುಬದುರಿನ ಸ್ನಾಯುಗಳು ಒಂದನ್ನೊಂದು ಎಳೆದಾಡುವುದರಿಂದ ಅದೇ ದೂರದ ಓಟಕ್ಕೆ ಇವರ ದೇಹ ಹೆಚ್ಚು ಶಕ್ತಿ ವ್ಯಯಮಾಡುತ್ತದೆ.

ಇಷ್ಟು ಶ್ರಮ ಒಳ್ಳೆಯದೇ ಎಂಬ ಶಂಕೆ ಹಿಂದೆ ವೈದ್ಯರಲ್ಲಿಯೇ ಇತ್ತು. ಬಲವಾಗಿ ದುಡಿಸಿದರೆ ಬಿಗಿತ ಹೆಚ್ಚೀತೆಂದು ಹೆದರುತ್ತಿದ್ದರು. ಪರೀಕ್ಷಿಸಿ ನೋಡಿದಾಗ ಹಾಗೆ ಆಗುವುದಿಲ್ಲವೆಂದು ತಿಳಿದುಬಂತು. ತಿಳಿದವರ ಮೇಲ್ವಿಚಾರಣೆಯಲ್ಲಿ ಮಾಡುವ ವ್ಯಾಯಾಮದಿಂದ ಸ್ನಾಯುವಿಗೆ ಬಲ ಬರುತ್ತದೆಂಬುದು ಈಗ ಒಪ್ಪಿತವಾದ ಮಾತು.

ಒಂದು ರಾಷ್ಟ್ರೀಯ ತಂಡದ ಕಥೆ

ಈ ಆಟವನ್ನಾಡುವ ದೇಶಗಳಲ್ಲಿ ಒಂದನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಅದರ ಸುಖದುಃಖ ತಿಳಿಯುತ್ತದೆ. ಪದಕಗಳ ಲೆಕ್ಕ ನೋಡಿದರೆ ನೆದರ್ಲೆಂಡ್ಸ್, ರಷ್ಯಾ, ಯುಕ್ರೇನುಗಳ ಹೆಸರು ಮೊದಲು ಬರುತ್ತದೆ. ಪ್ಯಾರಾಲಿಂಪಿಕ್ಸ್‌ನ ಚಿನ್ನವನ್ನು ನೆದರ್ಲೆಂಡ್ಸ್ 1988, 1992, 1996ರಲ್ಲಿ ಸತತವಾಗಿ ಮೂರು ಸಲ ಗೆದ್ದಿತು. ಆಮೇಲೆ 2000 ಮತ್ತು 2012ರಲ್ಲಿ ರಷ್ಯಾ, 2004, 2008 ಮತ್ತು 2016ರಲ್ಲಿ ಯುಕ್ರೇನು. ಆದರೆ ನಾನು ಆರಿಸಿಕೊಳ್ಳುವುದು ಅಂಥ ಚಿನ್ನವನ್ನು ಕಾಣದ ಆಸ್ಟ್ರೇಲಿಯದ ತಂಡವನ್ನು. ಗೆದ್ದವರಿಗೆ ಆಶ್ರಯ ತಾನಾಗಿಯೇ ದೊರೆಯುತ್ತದೆ. ಗೆಲ್ಲದವರು ಉಳಿದುಕೊಂಡು ಬಂದ ಬಗೆಯಲ್ಲಿ ಕಲಿಯಬೇಕಾದದ್ದು ಹೆಚ್ಚು.

ಆ ತಂಡದ ಹೆಸರು ಪ್ಯಾರಾರೂಸ್. ಆ ದೇಶದ ಪುರುಷರ ಮುಖ್ಯ ಕಾಲ್ಚೆಂಡು ತಂಡವನ್ನು ಸಾಕರೂಸ್ ಎನ್ನುತ್ತಾರೆ. ಸಾಕರ್ ಎಂಬ ಮಾತಿಗೆ ಕಾಂಗರೂವಿನ ಬಾಲವನ್ನು ಅಂಟಿಸಿ ಮಾಡಿದ ಹೆಸರು. ಅದೇ ಬಾಲಕ್ಕೆ ಪ್ಯಾರಾ ಎಂಬ ತಲೆಯನ್ನಿಟ್ಟು ಈ ಹೆಸರನ್ನು ಕಟ್ಟಿದ್ದಾರೆ. ಪ್ಯಾರಾ ಎಂಬುದಕ್ಕೆ ಗ್ರೀಕ್ ಭಾಷೆಯಲ್ಲಿ ‘ಪಕ್ಕದಲ್ಲಿ’ ಎಂದು ಅರ್ಥ. ಪ್ಯಾರಾಲಿಂಪಿಕ್ಸ್ ಎಂದರೆ ಒಲಿಂಪಿಕ್ಸಿನ ಪಕ್ಕದಲ್ಲಿ, ಸರಿಸಾಟಿಯಾಗಿ ನಡೆಯುವ ಕೂಟ. ಪ್ಯಾರಲಿಸಿಸ್ ಎಂಬ ರೋಗದ ಹೆಸರಿನಲ್ಲಿಯೂ ಇರುವುದು ಇದೇ ಪ್ಯಾರಾ. ಒಂದೇ ಉಪಸರ್ಗ ರೋಗಕ್ಕೂ ಗೌರವಕ್ಕೂ ಒದಗಿದೆ.

ತಂಡ ಹುಟ್ಟಿದ್ದು 1998ರಲ್ಲಿ. 2000ದ ಪ್ಯಾರಾಲಿಂಪಿಕ್ಸ್ ಸಿಡ್ನಿಯಲ್ಲಿ ನಡೆದಾಗ ತನ್ನ ನೆಲದಲ್ಲಿಯೇ ಆಡಿತು. ಮುಂದೆ ಪರದೇಶಗಳಿಗೆ ಹೋಗಿ ಆಡುತ್ತ ಬಂತು. ಪದಕ ತರುವ ಭರವಸೆಯುಳ್ಳ ಆಟಗಳಿಗೆ ಹಣವನ್ನು ಕೇಂದ್ರೀಕರಿಸುವ ನೀತಿಯೊಂದು ಆ ದೇಶದಲ್ಲಿ ಆಗ ಇತ್ತು. 2014ರಲ್ಲಿ ಸರ್ಕಾರದ ಕ್ರೀಡಾ ಆಯೋಗದ ಧನಸಹಾಯ ಈ ತಂಡಕ್ಕೆ ನಿಂತುಹೋಯಿತು. ಸುದ್ದಿ ಹೊರಬಿದ್ದಾಗ ಜನ ಸುಮ್ಮನಿರಲಿಲ್ಲ. ದೇಶದ ಕಾಲ್ಚೆಂಡು ಸಂಸ್ಥೆ ತಂಡವನ್ನು ಕೈಬಿಡುವುದಿಲ್ಲವೆಂದಿತು. ಸಾರ್ವಜನಿಕರಿಂದ ವಂತಿಗೆ ಎತ್ತುವ ಕೆಲಸವೂ ನಡೆಯಿತು. ಹೀಗೆ ತಂಡ ಉಸಿರು ಉಳಿಸಿಕೊಂಡಿತು.

ಅಷ್ಟರಲ್ಲಿ ಇನ್ನೊಂದು ಪೆಟ್ಟು. 2015ರ ಜನವರಿಯಲ್ಲಿ ಅಬುಧಾಬಿಯಲ್ಲಿ ಸೇರಿದ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ, ಟೋಕಿಯೋ ಕೂಟದಿಂದ ಈ ಕಾಲ್ಚೆಂಡನ್ನೂ ಹಾಯಿದೋಣಿಯ ಸ್ಪರ್ಧೆಯನ್ನೂ ಕೈಬಿಟ್ಟಿರುವುದಾಗಿ ಪ್ರಕಟಿಸಿತು. ಸಾಕಷ್ಟು ದೇಶಗಳಲ್ಲಿ ಈ ಆಟ ಹರಡಿಲ್ಲವೆಂಬುದು ಸಮಿತಿಯ ಕಾರಣ. 1984ರಿಂದ ಒಂದು ಕೂಟವೂ ತಪ್ಪದೆ ನಡೆದುಬಂದ ಆಟ 2016ರ ರಿಯೋ ಕೂಟದೊಡನೆ ಮುಗಿಯಿತು. ಅಲ್ಲಿನ ಅಂತಿಮ ಪಂದ್ಯದಲ್ಲಿ ಯುಕ್ರೇನು ಹೆಚ್ಚುವರಿ ಅವಧಿಯಲ್ಲಿ ಇರಾನನ್ನು 2–1ರಿಂದ ಸೋಲಿಸಿತು. 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿಯೂ 2024ರ ಪ್ಯಾರಿಸ್ಸಿನಲ್ಲಿಯೂ ಆಟ ಇರಲಿಲ್ಲ. 2028ರ ಲಾಸ್ ಏಂಜಲೀಸ್ ಕೂಟಕ್ಕಾಗಿ 2023ರಲ್ಲಿ ಪ್ರಕಟವಾದ ಪಟ್ಟಿಯಲ್ಲಿಯೂ ಅದರ ಹೆಸರು ಬರಲಿಲ್ಲ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆಟಗಳ ಪಟ್ಟಿಗೆ ಒಂದು ಮಿತಿ ಉಂಟು. ಒಂದು ಹೋದಾಗ ಇನ್ನೊಂದಕ್ಕೆ ಎಡೆಯಾಗುತ್ತದೆ. ಟೋಕಿಯೋ ಪಟ್ಟಿಗೆ ಹೊಸದಾಗಿ ಸೇರಿದ ಎರಡು ಆಟಗಳು ಟೇಕ್ವಾಂಡೊ ಮತ್ತು ಬ್ಯಾಡ್ಮಿಂಟನ್. ಆ ಬ್ಯಾಡ್ಮಿಂಟನ್ನಿನಲ್ಲಿಯೇ ನಮ್ಮ ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್ ಟೋಕಿಯೋದಲ್ಲಿ ಬೆಳ್ಳಿ ಗೆದ್ದು, ಪ್ಯಾರಿಸ್ಸಿನಲ್ಲಿ ಮತ್ತೆ ಬೆಳ್ಳಿ ಗೆದ್ದರು. ನಾವು ರೇಡಿಯೋದ ಮುಂದೆ ಹಿಗ್ಗಿದ ಆ ದಿನವೇ ಬೇರೆಲ್ಲೋ ಏಳು ಮಂದಿಯ ಆಟ ಹೊರಗುಳಿದಿತ್ತೆಂಬುದು ನಮಗೆ ಹೊಳೆದಿರಲಿಲ್ಲ. ಸುಹಾಸರ ಬೆಳ್ಳಿಯ ಬೆಲೆ ಇದರಿಂದ ಕುಂದುವುದಿಲ್ಲ. ಪಟ್ಟಿಯಲ್ಲಿ ಒಂದು ಆಟ ಇರುವುದೂ ಇಲ್ಲದಿರುವುದೂ ಎಷ್ಟು ಜನರ ಬಾಳಿಗೆ ಸಂಬಂಧಿಸಿದ್ದೆಂಬುದು ಮಾತ್ರ ತಿಳಿಯುತ್ತದೆ. ಎಷ್ಟೋ ದೇಶಗಳಲ್ಲಿ ಸರ್ಕಾರದ ಹಣ, ತರಬೇತಿ, ವೃತ್ತಪತ್ರಿಕೆಯ ಗಮನ ಎಲ್ಲವೂ ಹರಿಯುವುದು ಆ ಪಟ್ಟಿಯ ಕಾಲುವೆಯಲ್ಲಿಯೇ.

ಆಸ್ಟ್ರೇಲಿಯದ ತಂಡ ಈ ಎರಡು ಪೆಟ್ಟನ್ನೂ ತಾಳಿಕೊಂಡಿತು. 2019ರ ನವೆಂಬರ್ ತಿಂಗಳಲ್ಲಿ ಸಿಡ್ನಿಯ ಕ್ರೋಮರ್ ಪಾರ್ಕಿನಲ್ಲಿ ಕೆನಡದ ವಿರುದ್ಧ ಒಂದು ಪಂದ್ಯವಾಡಿ ಗೆದ್ದಿತು. 2000ದ ಅನಂತರ, 19 ವರ್ಷಗಳಾದ ಮೇಲೆ, ತಾಯ್ನೆಲದಲ್ಲಿ ಅದು ಆಡಿದ ಮೊದಲ ಅಂತರರಾಷ್ಟ್ರೀಯ ಪಂದ್ಯ ಅದು. 19 ವರ್ಷವೆಂದರೆ ಒಬ್ಬ ಆಟಗಾರನ ಬಾಳಿನಲ್ಲಿ ಆಟದ ಪ್ರಾಯವೆಲ್ಲ ಬಂದು ಹೋಗುವಷ್ಟು ಕಾಲ. ಆ ನಡುವೆ ದೇಶದ ಅಂಗಿ ತೊಟ್ಟವರ ಆಟವನ್ನು ಅವರ ಊರಿನವರು ತಮ್ಮ ನೆಲದಲ್ಲಿ ಒಮ್ಮೆಯೂ ಕಾಣಲಿಲ್ಲ. ಪರದೇಶದ ಪ್ರಯಾಣ ಮಾಡಲಾರದ ಅಜ್ಜಿ ತಾತಂದಿರು ಸುದ್ದಿ ಮಾತ್ರ ಕೇಳಿಕೊಂಡಿರಬೇಕಾಯಿತು. ಆ ದಿನ ಗೋಲಿಗಿಂತ ದೊಡ್ಡದಾಗಿ ಸಂದದ್ದು ಅದೇ: ತಮ್ಮವರು ನೋಡುತ್ತಿರುವಾಗ ಆಡುವುದು.

ಹೆಣ್ಣುಮಕ್ಕಳ ಸಂಗತಿ ಇನ್ನೂ ಈಚಿನದು. ಅವರಿಗೆ ತಂಡಕ್ಕೆ 5 ಮಂದಿಯ ಆಟ. ಮೊದಲ ವಿಶ್ವಕಪ್ ನಡೆದದ್ದು 2022ರಲ್ಲಿ, ಸ್ಪೇನಿನ ಸಲೌ ಎಂಬ ಊರಿನಲ್ಲಿ. ಆಸ್ಟ್ರೇಲಿಯದ ಹೆಣ್ಣುಮಕ್ಕಳ ತಂಡ, ಪ್ಯಾರಾಮಟಿಲ್ಡಾಸ್, ಆ ವರ್ಷವೇ ರೂಪುಗೊಂಡು, ಅಂತಿಮ ಪಂದ್ಯದವರೆಗೆ ಹೋಗಿ, ಅಮೆರಿಕದ ಎದುರು ಹೆಚ್ಚುವರಿ ಅವಧಿಯಲ್ಲಿ 4–2ರಿಂದ ಸೋತಿತು. ತಂಡವೇ ಇಲ್ಲದಿದ್ದಾಗ ಆಡುವವರು ಯಾರಿದ್ದಾರೆ ಎಂದು ಕೇಳುವುದು ಸುಲಭ. ತಂಡವೊಂದನ್ನು ಕಟ್ಟಿ ಬಾಗಿಲು ತೆರೆದರೆ ಆಡುವವರು ಬರುತ್ತಾರೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಮೈದಾನ

ನಮ್ಮ ದೇಶದಲ್ಲಿ ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ವಿಕಲಚೇತನರ ಹಕ್ಕುಗಳ 2016ರ ಅಧಿನಿಯಮ ಹೇಳುವ 21 ಬಗೆಯ ವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು. ಇಂಥ ಮಕ್ಕಳನ್ನು ಶಾಲೆಗೆ ಸೇರಿಸಿಕೊಂಡು, ಪಾಠದಂತೆಯೇ ಆಟಕ್ಕೂ ಇತರರೊಡನೆ ಸಮಾನವಾದ ಅವಕಾಶ ಕೊಡಬೇಕೆಂದು ಅದರಲ್ಲಿ ಬರೆದಿದೆ. ಬರೆದದ್ದು ನಮ್ಮ ಶಾಲೆಯ ಕಾಂಪೌಂಡಿನೊಳಕ್ಕೆ ಬರಬೇಕಾದರೆ ದೊಡ್ಡ ಹಣ ಬೇಕಿಲ್ಲ. ಗೋಲನ್ನು ಚಿಕ್ಕದು ಮಾಡಲು ಎರಡು ಇಟ್ಟಿಗೆಯನ್ನು ಒಳಕ್ಕೆ ಸರಿಸಿದರೆ ಸಾಕು. ತಂಡಕ್ಕೆ ಏಳೇ ಮಂದಿ ಎಂದು ಹೇಳಲು ಬಾಯಿ ಸಾಕು. ಮಗುವಿನ ಸ್ನಾಯುಗಳಿಗೆ ಯಾವ ಶ್ರಮ ತಕ್ಕದ್ದೆಂಬುದನ್ನು ವೈದ್ಯರಿಂದಲೋ ಅಂಗಸಾಧನೆಯ ತಜ್ಞರಿಂದಲೋ ಮೊದಲು ಕೇಳಿಕೊಳ್ಳುವುದೊಂದು ಅವಶ್ಯ.

ಹೋದ ವರ್ಷ ನಮ್ಮ ಈಗಿನ ಶಾಲೆಯ ಡ್ರಿಲ್ ಮಾಸ್ತರರಿಗೆ ಈ ಒಂದನೆಯ ವರ್ಗದ ನಿಯಮವನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಂಡಿತರೇ, ಹಾಗಾದರೆ ನಮ್ಮ ಎಂಟನೆಯ ಕ್ಲಾಸಿನ ಆ ಹುಡುಗಿ ಯಾವ ಕಡೆಗೆ ಹೋದರೆ ಆ ಕಡೆಗೆ ಏಳು ಮಂದಿ, ಇನ್ನೊಂದು ಕಡೆಗೆ ಆರೇ ಮಂದಿ ಅಂದಹಾಗಾಯಿತು” ಎಂದರು. ಆ ಸಂಜೆ ಹಾಗೆಯೇ ಆಡಿಸಿದರು. ಇಬ್ಬರು ನಾಯಕರೂ ಮೊದಲು ಕೂಗಿದ್ದು ಅವಳ ಹೆಸರನ್ನು. ಅವಳು ಎರಡು ಸಲ ಬಿದ್ದಳು. ಎರಡು ಸಲವೂ ತಾನೇ ಎದ್ದು, ಮಣ್ಣು ಕೊಡವಿಕೊಂಡು, ಚೆಂಡು ಎಲ್ಲಿದೆಯೆಂದು ನೋಡಿದಳು.

ನಾನು ಬೇವಿನ ಮರದ ಕೆಳಗೆ ಕೂರಿಸಿದ ಹುಡುಗ ಈಗ ನಡುವಯಸ್ಸಿನವನಾಗಿರಬೇಕು. ಎಲ್ಲಿದ್ದಾನೋ ತಿಳಿಯದು. ಅವನು ಬರೆದಿಟ್ಟ ಗೋಲುಗಳ ಲೆಕ್ಕ ಒಂದಾದರೂ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಲೆಕ್ಕ. ಈ ಲೇಖನವನ್ನು ಓದುವ ನಿಮ್ಮ ಮನೆಯಲ್ಲಿಯೋ, ನೆರೆಯ ಮನೆಯಲ್ಲಿಯೋ, ರೇಡಿಯೋದ ಪಕ್ಕದಲ್ಲಿ ಕುಳಿತು ಆಟದ ವಿವರಣೆಯನ್ನು ಚೆನ್ನಾಗಿ ಕೇಳುವ, ಅಂಕಿಗಳನ್ನೆಲ್ಲ ಬಾಯಿಪಾಠ ಹೇಳುವ ಅಂಥ ಮಗುವೊಂದು ಇರಬಹುದು. ಅದು ‘ನಾನೂ ಆಡಲೇ’ ಎಂದು ಕೇಳಿದ ದಿನ ನಾನು ಹೇಳಿದ ಮಾತನ್ನು ನೀವು ಹೇಳಬೇಡಿ. ಒಂದು ಚೆಂಡು ತಂದುಕೊಡಿ, ನಾಲ್ಕು ಮಕ್ಕಳನ್ನು ಕೂಗಿ ಕರೆಯಿರಿ.